ಕ್ಯಾನ್ಸರ್ ಔಷಧಿ ಸಂಶೋಧನೆ: ಬಿ.ಎಸ್ಸಿ. ಓದುವಾಗಲೇ ಲ್ಯಾಬ್ ಸೇರುವ ದಾರಿ ಇಲ್ಲಿದೆ

ಬಿ.ಎಸ್ಸಿ. ಆದ್ಮೇಲೆ ಬಿ.ಎಡ್., ಇಲ್ಲಾಂದ್ರೆ ಅಪ್ಪನ ಅಂಗಡಿ. ತಾಲೂಕಿನ ಹಲವು ಮನೆಗಳಲ್ಲಿ ಇದೇ ಲೆಕ್ಕಾಚಾರ. ಆದರೆ ಡಿಗ್ರಿ ಓದುವಾಗಲೇ ಬೇಸಿಗೆಯಲ್ಲಿ ಎರಡು ತಿಂಗಳು ದೊಡ್ಡ ಲ್ಯಾಬ್‌ನಲ್ಲಿ ಸಂಶೋಧನೆ ಕಲಿಯಬಹುದು. ಆಯ್ಕೆಯಾದರೆ ಸ್ಟೈಪೆಂಡ್ ಕೂಡ ಸಿಗುತ್ತೆ. ಚರ್ಮದ ಕ್ಯಾನ್ಸರ್ ಔಷಧಿಯನ್ನೇ ಉದಾಹರಣೆಗೆ ತಗೊಳ್ಳೋಣ.

ಟಾರ್ಗೆಟೆಡ್ ಔಷಧಿ ಅಂದ್ರೇನು?

ಕೀಮೋಥೆರಪಿ ಒಳ್ಳೆಯ ಜೀವಕೋಶಗಳಿಗೂ ಪೆಟ್ಟು ಕೊಡುತ್ತೆ, ಕೂದಲು ಉದುರೋದು ಅದಕ್ಕೇ. ಟಾರ್ಗೆಟೆಡ್ ಔಷಧಿ ಕೆಟ್ಟಿರುವ ಪ್ರೋಟೀನನ್ನೇ ಗುರಿಯಾಗಿಸಿ ತಡೆಯುತ್ತೆ. ಮೆಲನೋಮ ಎಂಬ ಚರ್ಮದ ಕ್ಯಾನ್ಸರ್‌ನಲ್ಲಿ ಬಿರಾಫ್ ಜೀನ್ ಕೆಟ್ಟಿರುವುದು 2002ರಲ್ಲಿ ಗೊತ್ತಾಯ್ತು. ಅದನ್ನು ತಡೆಯುವ ವೆಮುರಾಫೆನಿಬ್ ಮಾತ್ರೆಗೆ 2011ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು.

ಆದರೆ ಹಲವರಲ್ಲಿ ಕೆಲವೇ ತಿಂಗಳಲ್ಲಿ ಗೆಡ್ಡೆ ಮತ್ತೆ ಬೆಳೆಯುತ್ತೆ. ನಮ್ಮ ದೇಶದಲ್ಲಿ ಅಂಗಾಲು, ಉಗುರಿನಡಿ ಕಾಣಿಸುವ ಮೆಲನೋಮ ಸಾಮಾನ್ಯ. ಆ ಬಗೆಯಲ್ಲಿ ಬಿರಾಫ್ ದೋಷ ಕಡಿಮೆ, ಹಾಗಾಗಿ ಹೆಚ್ಚಿನವರಿಗೆ ಈ ಮಾತ್ರೆ ನಾಟಲ್ಲ. ಕೆಲಸ ಇನ್ನೂ ಬಾಕಿ ಇರೋದು ಇಲ್ಲೇ.

ವಿದ್ಯಾರ್ಥಿಗೆ ಏನು ಕೆಲಸ?

ಎರಡು ತಿಂಗಳಲ್ಲಿ ಯಾರೂ ಔಷಧಿ ಕಂಡುಹಿಡಿಯಲ್ಲ. ಜೀವಕೋಶ ಬೆಳೆಸೋದು, ಔಷಧಿ ಹಾಕಿ ಎಷ್ಟು ಸತ್ತವು ಅಂತ ಅಳೆಯೋದು, ಯಾವ ಅಣು ಪ್ರೋಟೀನಿಗೆ ಕೂರುತ್ತೆ ಅಂತ ಕಂಪ್ಯೂಟರ್‌ನಲ್ಲಿ ನೋಡೋದು ಕಲಿಯಬಹುದು. ಕೊನೆಯದಕ್ಕೆ ಬೇಕಾದ ಆಟೋಡಾಕ್ ಸಾಫ್ಟ್‌ವೇರ್, ಪಬ್‌ಕೆಮ್ ಮಾಹಿತಿಕೋಶ ಎರಡೂ ಉಚಿತ. ಊರಲ್ಲಿದ್ದುಕೊಂಡೇ ಶುರು ಮಾಡಬಹುದು.

ಅರ್ಜಿ ಎಲ್ಲಿ?

* ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ: ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಸಮ್ಮರ್ ರಿಸರ್ಚ್ ಫೆಲೋಶಿಪ್. ಆಯ್ಕೆಯಾದವರನ್ನು ದೇಶದ ಬೇರೆ ಬೇರೆ ಸಂಸ್ಥೆಗಳ ವಿಜ್ಞಾನಿಗಳ ಬಳಿ ಕಳಿಸ್ತಾರೆ.
* ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ: ಇಲ್ಲೂ ಬೇಸಿಗೆ ಫೆಲೋಶಿಪ್ ಇದೆ.

ಯಾವ ವಿಷಯ ಸಿಗುತ್ತೆ ಅನ್ನೋದು ಗೈಡ್ ಮೇಲೆ ನಿಂತಿದೆ. ಕ್ಯಾನ್ಸರ್ ಮೇಲೆ ಕೆಲಸ ಮಾಡುವ ವಿಜ್ಞಾನಿಗಳು ಯಾರು ಅಂತ ಮೊದಲೇ ನೋಡಿಕೊಳ್ಳಿ.

ಏನು ಸಿದ್ಧ ಇರಬೇಕು?

ಅಂಕಪಟ್ಟಿ, ಏನು ಕಲಿಯಬೇಕು ಅಂತ ನೀವೇ ಬರೆದ ಪುಟ್ಟ ಬರಹ, ಲೆಕ್ಚರರ್ ಶಿಫಾರಸು ಪತ್ರ. ಎಷ್ಟು ಅಂಕ, ಯಾವ ವರ್ಷದವರು ಅನ್ನೋದನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿ. ಸೀಟು ಕೊಡಿಸ್ತೀವಿ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಅಕಾಡೆಮಿ ಅರ್ಜಿ ಸಾಮಾನ್ಯವಾಗಿ ವರ್ಷದ ಕೊನೆಯ ತಿಂಗಳುಗಳಲ್ಲೇ ಕರೆಯುತ್ತಾರೆ. ಬೇಸಿಗೆ ಬಂದ ಮೇಲೆ ವಿಚಾರಿಸಿದರೆ ಆ ವರ್ಷ ಕೈತಪ್ಪಿದಂತೆಯೇ. ದಸರಾ ರಜೆಗೆ ಮೊದಲೇ ಲೆಕ್ಚರರ್ ಹತ್ತಿರ ಮಾತಾಡಿಡಿ.