ಪುಸ್ತಕವಾದ ಮತಪತ್ರ

ಪಕ್ಷಗಳ ಮೇಲೆ ಮುನಿದ ಮತದಾರನಿಗೆ ಸಾಮಾನ್ಯವಾಗಿ ಎರಡು ದಾರಿ: ಎದುರು ಪಕ್ಷಕ್ಕೆ ಮತ ಹಾಕುವುದು, ಇಲ್ಲವೆ ಮನೆಯಲ್ಲೇ ಉಳಿಯುವುದು. 1996ರ ಲೋಕಸಭಾ ಚುನಾವಣೆಯಲ್ಲಿ ನಲ್ಗೊಂಡದ ಜನ ಮೂರನೆಯ ದಾರಿ ಹಿಡಿದರು. ತಾವೇ ಉಮೇದುವಾರರಾಗಿ ನಿಂತರು.

ಆಗ ಆಂಧ್ರಪ್ರದೇಶದಲ್ಲಿದ್ದು ಈಗ ತೆಲಂಗಾಣಕ್ಕೆ ಸೇರಿರುವ ಆ ಸೀಮೆಯ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿತ್ತು. ಅದನ್ನು ಕುಡಿದ ಮಕ್ಕಳ ಹಲ್ಲು ಕಂದುಗಟ್ಟಿತು, ದೊಡ್ಡವರ ಬೆನ್ನು ಬಾಗಿತು. ಪಟಿಕ, ಸುಣ್ಣ ಬೆರೆಸಿ ಫ್ಲೋರೈಡನ್ನು ತೆಗೆಯುವ ವಿಧಾನಕ್ಕೆ ವಿಜ್ಞಾನಿಗಳು ನಲ್ಗೊಂಡದ ಹೆಸರನ್ನೇ ಇಟ್ಟಿದ್ದರು. ಊರಿನ ಹೆಸರು ಗ್ರಂಥಗಳನ್ನು ಸೇರಿತು. ಜಿಲ್ಲೆಯ ಅಂಚಿನಲ್ಲೇ ಹರಿಯುವ ಕೃಷ್ಣೆಯ ನೀರು ಮಾತ್ರ ಎಷ್ಟೋ ಹಳ್ಳಿಗಳನ್ನು ಸೇರಲಿಲ್ಲ. ಭರವಸೆ ಕೇಳಿ ದಣಿದವರು ಸಾಲುಗಟ್ಟಿ ನಾಮಪತ್ರ ಸಲ್ಲಿಸಿದರು. ಕಣದಲ್ಲಿ ಉಳಿದವರು 480 ಮಂದಿ!

ಅದೇ ವರ್ಷ ನಮ್ಮ ಬೆಳಗಾವಿಯಲ್ಲಿ ಗಡಿಯ ತಕರಾರಿನಿಂದ 456 ಮಂದಿ ನಿಂತರು. ತಮಿಳುನಾಡಿನ ಮೊಡಕುರಿಚಿ ವಿಧಾನಸಭಾ ಕ್ಷೇತ್ರದಲ್ಲಿ ರೈತರ ಅಸಮಾಧಾನದಿಂದ ಆ ಸಂಖ್ಯೆ 1033ಕ್ಕೆ ಏರಿ, ಮತಪತ್ರ ಪುಸ್ತಕವೇ ಆಯಿತು.

ಇಷ್ಟಾಗಿಯೂ ನಲ್ಗೊಂಡದಲ್ಲಿ ಗೆದ್ದವರು ಪಕ್ಷದವರೇ, ಭಾರತ ಕಮ್ಯುನಿಸ್ಟ್ ಪಕ್ಷದ ಧರ್ಮಭಿಕ್ಷಂ. ಸರ್ಕಾರ ಅದೇ ವರ್ಷ ಕಾಯಿದೆ ತಿದ್ದಿತು. ಲೋಕಸಭೆಗೆ 500 ರೂಪಾಯಿ ಇದ್ದ ಠೇವಣಿ 10,000 ಆಯಿತು. ಪಕ್ಷೇತರರಿಗೆ ಹತ್ತು ಮಂದಿ ಸೂಚಕರು ಬೇಕಾದರು. 1996ರಲ್ಲಿ ದೇಶದಾದ್ಯಂತ 13,952 ಇದ್ದ ಉಮೇದುವಾರರ ಸಂಖ್ಯೆ 1998ರಲ್ಲಿ 4,750ಕ್ಕೆ ಇಳಿಯಿತು.

ಅಧಿಕಾರಿಗಳ ಕಷ್ಟವನ್ನು ನಾನು ಅಲ್ಲಗಳೆಯುವುದಿಲ್ಲ. 480 ಹೆಸರುಗಳ ನಡುವೆ ತನಗೆ ಬೇಕಾದ ಗುರುತನ್ನು ಹುಡುಕುವುದು ಓದು ಬಾರದ ಮುದುಕಿಗೆ ಸುಲಭವೆ? ಆದರೂ ಕಾಯಿದೆಯ ಕಣ್ಣಿಗೆ ಬಿದ್ದುದು ಪಟ್ಟಿಯ ಉದ್ದ. ಪಟ್ಟಿಯನ್ನು ಉದ್ದ ಮಾಡಿದ ಬಾಯಾರಿಕೆಯಲ್ಲ ಎಂದೇ ನನಗೆ ತೋರುತ್ತದೆ.

2013ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ಮತಯಂತ್ರಕ್ಕೆ ‘ನೋಟಾ’ ಬಂದಿತು. ಯಾರೂ ಬೇಡವೆಂದು ಗುಟ್ಟಾಗಿ ಹೇಳುವ ಹಕ್ಕು ಸಣ್ಣದಲ್ಲ. ಆದರೆ ಲೋಕಸಭಾ ಚುನಾವಣೆಯಲ್ಲಿ ಅದಕ್ಕೆ ಎಷ್ಟೇ ಮತ ಬಿದ್ದರೂ, ಉಮೇದುವಾರರಲ್ಲಿ ಹೆಚ್ಚು ಮತ ಪಡೆದವನೇ ಗೆಲ್ಲುತ್ತಾನೆ. ನೋಟಾ ಒತ್ತಿದವನ ಬೇಸರ ಲೆಕ್ಕಕ್ಕೆ ಸಿಗುತ್ತದೆ, ಅದರ ಕಾರಣ ಸಿಗುವುದಿಲ್ಲ. ನಲ್ಗೊಂಡದ 480 ಹೆಸರುಗಳು ‘ಬೇಡ’ ಎಂದಷ್ಟೇ ಹೇಳಲಿಲ್ಲ. ‘ನೀರು ಬೇಕು’ ಎಂದವು.