ಕೊಂಡ ಫೋನಿನ ಬೀಗದ ಕೈ

2010-11ರಲ್ಲಿ ಆಂಡ್ರಾಯ್ಡ್ ಫೋನು ಕೊಂಡ ಕನ್ನಡಿಗರಿಗೆ ಆ ಚೌಕಗಳು ನೆನಪಿರುತ್ತವೆ. ಯಾರಾದರೂ ಕನ್ನಡದಲ್ಲಿ ಸಂದೇಶ ಕಳಿಸಿದರೆ ಅಥವಾ ಕನ್ನಡ ಪತ್ರಿಕೆಯ ಜಾಲತಾಣ ತೆರೆದರೆ ಪರದೆಯ ತುಂಬ ಸಾಲುಸಾಲು ಖಾಲಿ ಚೌಕಗಳು. ಎಷ್ಟೋ ಫೋನುಗಳಲ್ಲಿ ಕನ್ನಡ ಫಾಂಟೇ ಇರುತ್ತಿರಲಿಲ್ಲ. ಪುಕ್ಕಟೆ ಸಿಗುವ ಫಾಂಟೊಂದನ್ನು ಇಳಿಸಿಕೊಂಡು ಹಾಕೋಣವೆಂದರೆ, ಅದು ಹೋಗಿ ಕೂರಬೇಕಾದ ಫೋಲ್ಡರಿಗೆ ಫೋನಿನ ಒಡೆಯನಿಗೇ ಪ್ರವೇಶವಿಲ್ಲ. ಒಪೆರಾ ಮಿನಿ ಬ್ರೌಸರಿನಲ್ಲಿ ಅಕ್ಷರಗಳನ್ನು ಚಿತ್ರವಾಗಿ ತರಿಸಿಕೊಳ್ಳುವ ಉಪಾಯವೊಂದಿತ್ತು. ಅದು ಸಾಲದೆನಿಸಿದವರು ಫೋನನ್ನು ‘ರೂಟ್’ ಮಾಡಿ, ಅಂದರೆ ತಯಾರಕರು ಹಾಕಿದ ಬೀಗ ಮುರಿದು, ಫಾಂಟ್ ಕೂರಿಸಿದರು. ಹಾಗೆ ಮಾಡಿದರೂ ಒತ್ತಕ್ಷರಗಳು ಬಿಡಿಬಿಡಿಯಾಗಿಯೇ ಉಳಿದದ್ದುಂಟು. ಅಕ್ಷರ ಜೋಡಿಸುವ ತಂತ್ರಾಂಶವೂ ಬದಲಾಗಬೇಕಿತ್ತು. 2012ರ ಆಂಡ್ರಾಯ್ಡ್ 4.1 ಕನ್ನಡವನ್ನು ಸೇರಿಸಿಕೊಂಡ ಮೇಲೆ ಈ ಪಾಡು ತಗ್ಗಿತು. ಸ್ವಂತ ದುಡ್ಡಿನ ಫೋನಿನಲ್ಲಿ ಸ್ವಂತ ಭಾಷೆ ಓದಲು ಬೀಗ ಮುರಿಯಬೇಕಾಗಿ ಬಂದಿತ್ತು ಎಂಬುದನ್ನು ಮಾತ್ರ ಮರೆಯುವಂತಿಲ್ಲ. ಸ್ಮಾರ್ಟ್‌ಫೋನ್ ಬೀಗಗಳ ಚರಿತ್ರೆಯನ್ನು ನಾನು ನೋಡುವುದು ಈ ನೆನಪಿನ ಕಡೆಯಿಂದ.

‘ಅನ್‌ಲಾಕ್’ ಎಂದು ಎಲ್ಲರೂ ಒಂದೇ ಉಸಿರಿನಲ್ಲಿ ಹೇಳುವುದರ ಹಿಂದೆ ಮೂರು ಬೇರೆ ಬೇರೆ ಬೀಗಗಳಿವೆ. ಒಂದು, ಇಂಥ ಕಂಪನಿಯ ಸಿಮ್ ಮಾತ್ರ ನಡೆಯಬೇಕೆಂಬ ನೆಟ್‌ವರ್ಕ್ ಬೀಗ. ಇನ್ನೊಂದು, ಫೋನಿನ ಒಳಗಿನ ಕಡತಗಳನ್ನು ಬಳಕೆದಾರ ಮುಟ್ಟದಂತೆ ಕಾರ್ಯಾಚರಣಾ ವ್ಯವಸ್ಥೆ ಹಾಕಿದ ಬೀಗ. ಇದನ್ನು ಮುರಿಯುವುದಕ್ಕೆ ಐಫೋನಿನಲ್ಲಿ ಜೈಲ್‌ಬ್ರೇಕ್ ಎಂದೂ ಆಂಡ್ರಾಯ್ಡಿನಲ್ಲಿ ರೂಟಿಂಗ್ ಎಂದೂ ಹೆಸರು. ಎಲ್ಲಕ್ಕಿಂತ ಆಳದಲ್ಲಿರುವುದು ಬೂಟ್‌ಲೋಡರ್ ಬೀಗ. ಫೋನು ಚಾಲೂ ಆಗುವಾಗ ಚಿಪ್ಪಿನೊಳಗಿನ ಬದಲಿಸಲಾಗದ ಒಂದು ಪುಟ್ಟ ಪ್ರೋಗ್ರಾಮು ಬೂಟ್‌ಲೋಡರಿನ ಡಿಜಿಟಲ್ ಸಹಿಯನ್ನು ತಪಾಸಣೆ ಮಾಡುತ್ತದೆ. ಬೂಟ್‌ಲೋಡರು ವ್ಯವಸ್ಥೆಯ ತಿರುಳಾದ ಕರ್ನೆಲ್ಲಿನ ಸಹಿಯನ್ನು, ಅದು ಉಳಿದ ವ್ಯವಸ್ಥೆಯನ್ನು ಪರೀಕ್ಷಿಸುತ್ತದೆ. ನಡುವೆ ಎಲ್ಲಿ ತಯಾರಕರ ಸಹಿ ತಪ್ಪಿದರೂ ಫೋನು ಮುಂದಕ್ಕೆ ಹೋಗದು.

ಜಗತ್ತಿನ ಗಮನ ಸೆಳೆದ ಮೊದಲ ಮುರಿತ ನೆಟ್‌ವರ್ಕ್ ಬೀಗದ್ದು. ಆಪಲ್ ಮೊದಲ ಐಫೋನನ್ನು 2007ರ ಜೂನ್ 29ರಂದು ಅಮೆರಿಕದಲ್ಲಿ ಮಾರಾಟಕ್ಕಿಟ್ಟಾಗ ಅದು ಎಟಿ ಅಂಡ್ ಟಿ ಕಂಪನಿಯ ಜಾಲದಲ್ಲಿ ಮಾತ್ರ ನಡೆಯುತ್ತಿತ್ತು. ಎರಡೇ ತಿಂಗಳಲ್ಲಿ ನ್ಯೂಜೆರ್ಸಿಯ 17 ವರ್ಷದ ಜಾರ್ಜ್ ಹಾಟ್ಜ್, ಫೋನನ್ನು ಬಿಚ್ಚಿ ಬೆಸುಗೆ ಹಾಕಿ ಬೇರೆ ಕಂಪನಿಯ ಸಿಮ್ ಓಡಿಸಿ ತೋರಿಸಿದ. ಹಾಗೆ ತೆರೆದ ಒಂದು ಫೋನಿಗೆ ಪ್ರತಿಯಾಗಿ ಅವನಿಗೆ ಸಿಕ್ಕಿದ್ದು ನಿಸಾನ್ ಕಾರು ಮತ್ತು ಮೂರು ಹೊಸ ಐಫೋನು. ಸೆಪ್ಟೆಂಬರಿನಲ್ಲಿ ಆಪಲ್‌ನ ಉತ್ತರವೂ ಬಂತು. 1.1.1 ಆವೃತ್ತಿಯ ಅಪ್‌ಡೇಟ್ ಹಾಕಿಕೊಂಡ ಅನ್‌ಲಾಕ್ ಮಾಡಿದ ಫೋನುಗಳು ಕೆಲಸಕ್ಕೆ ಬಾರದಂತಾದವು. ಕಂಪನಿ ಮೊದಲೇ ಎಚ್ಚರಿಸಿತ್ತು, ನಿಜ. ಆದರೂ ಹಣ ಕೊಟ್ಟು ಕೊಂಡ ವಸ್ತುವಿನ ಮೇಲೆ ತಯಾರಕರ ಕೈ ಎಷ್ಟು ದೂರದವರೆಗೆ ಚಾಚಬಲ್ಲದೆಂದು ಜನಕ್ಕೆ ಗೊತ್ತಾದದ್ದು ಆಗ.

ನಂತರದ ನಾಲ್ಕೈದು ವರ್ಷ ಜೈಲ್‌ಬ್ರೇಕ್‌ನ ಸುಗ್ಗಿ. ಆಪಲ್‌ನ ಆ್ಯಪ್ ಸ್ಟೋರ್ 2008ರ ಜುಲೈನಲ್ಲಿ ತೆರೆಯಿತು. ಜೇ ಫ್ರೀಮನ್ ಕಟ್ಟಿದ ಸಿಡಿಯಾ ಎಂಬ ಪರ್ಯಾಯ ಅಂಗಡಿ ಅದಕ್ಕೂ ಕೆಲವು ತಿಂಗಳು ಮುಂಚೆಯೇ ಬಂದಿತ್ತು. ಕಾಪಿ-ಪೇಸ್ಟ್, ಹಿನ್ನೆಲೆ ಚಿತ್ರ ಬದಲಿಸುವುದು, ಸೂಚನೆಗಳನ್ನು ಒಂದೆಡೆ ನೋಡುವುದು, ವೈಫೈಯನ್ನು ಒಂದೇ ಒತ್ತಿಗೆ ಆರಿಸುವುದು ಇವೆಲ್ಲ ಬೀಗ ಮುರಿದ ಐಫೋನುಗಳಲ್ಲಿ ಮೊದಲು ಬಂದು, ಆಮೇಲೆ ಒಂದೊಂದಾಗಿ ಅಧಿಕೃತ ಆವೃತ್ತಿಗಳನ್ನು ಸೇರಿದವು. ಜೈಲ್‌ಬ್ರೇಕ್ ಫೋನುಗಳಿಗೆ ಸೂಚನಾ ವ್ಯವಸ್ಥೆ ಬರೆದಿದ್ದ ಪೀಟರ್ ಹಾಜಸ್ ಎಂಬ ತರುಣನನ್ನು ಆಪಲ್ 2011ರಲ್ಲಿ ಕೆಲಸಕ್ಕೇ ಸೇರಿಸಿಕೊಂಡಿತು. ಇಂದಿನ ಐಫೋನಿನ ಎಷ್ಟೋ ಸೌಕರ್ಯಗಳಿಗೆ ಈ ಹವ್ಯಾಸಿಗಳ ಋಣವಿದೆ.

ಸುಲಭತೆಯ ಮಾತಿಗೆ ಬಂದರೆ, 2010 ಮತ್ತು 2011ರ ‘ಜೈಲ್‌ಬ್ರೇಕ್‌ಮಿ’ಯನ್ನು ಮೀರಿಸಿದ್ದು ಯಾವುದೂ ಇಲ್ಲ. ಫೋನಿನ ಬ್ರೌಸರಿನಲ್ಲಿ ಒಂದು ಪುಟ ತೆರೆದು ಬೆರಳು ಸರಿಸಿದರೆ ಮುಗಿಯಿತು. ಪಿಡಿಎಫ್ ಕಡತದಲ್ಲಿರುವ ಫಾಂಟನ್ನು ಓದುವಾಗ ಫೋನು ಎಡವುತ್ತಿದ್ದ ದೋಷವೊಂದು ಒಳದಾರಿಯಾಗಿತ್ತು. ಒಡೆಯನ ಬೆರಳಿಗೆ ಇಷ್ಟು ಸಲೀಸಾಗಿ ತೆರೆದ ಬಾಗಿಲು ಕಳ್ಳನಿಗೂ ತೆರೆಯುತ್ತದೆ ಎಂಬುದೇ ಇಲ್ಲಿನ ಆತಂಕ. 2011ರ ಸಂಗತಿ ಇನ್ನೂ ವಿಚಿತ್ರ: ಆ ದೋಷ ಮುಚ್ಚುವ ತೇಪೆ ಸಿಡಿಯಾದಲ್ಲಿ ಕೂಡಲೇ ಸಿಕ್ಕಿತು, ಆಪಲ್‌ನ ತೇಪೆ ಬರಲು ಒಂದು ವಾರಕ್ಕೂ ಹೆಚ್ಚು ಹಿಡಿಯಿತು. ಆ ನಡುವಿನ ದಿನಗಳಲ್ಲಿ, ಕನಿಷ್ಠ ಆ ಒಂದು ದೋಷದ ಮಟ್ಟಿಗೆ, ತೇಪೆ ಹಾಕಿಕೊಂಡ ಜೈಲ್‌ಬ್ರೇಕ್ ಫೋನು ಕಂಪನಿಯ ಬೀಗದಲ್ಲೇ ಇದ್ದ ಫೋನಿಗಿಂತ ಭದ್ರವಾಗಿತ್ತು.

ಆಂಡ್ರಾಯ್ಡಿನ ಕಥೆ ಬೇರೆ ದಾರಿಯಲ್ಲಿ ಸಾಗಿತು. 2008ರ ಕೊನೆಗೆ ಬಂದ ಮೊದಲ ಆಂಡ್ರಾಯ್ಡ್ ಫೋನು ಜಿ1ರಲ್ಲಿ ಬಳಕೆದಾರ ಒತ್ತಿದ ಪ್ರತಿ ಅಕ್ಷರವೂ ಒಳಗೊಳಗೇ ಅತ್ಯುನ್ನತ ಅಧಿಕಾರದ ಆದೇಶವಾಗಿ ಹೋಗುತ್ತಿತ್ತು. ‘ರೀಬೂಟ್’ ಎಂದು ಟೈಪಿಸಿದರೆ ಫೋನು ನಿಜಕ್ಕೂ ಮರುಚಾಲನೆಯಾಗುತ್ತಿತ್ತು. ಹವ್ಯಾಸಿಗಳು ಅದರಿಂದಲೇ ರೂಟ್ ಸಾಧಿಸಿದರು. 2010ರ ಜನವರಿಯಲ್ಲಿ ಗೂಗಲ್ ತನ್ನ ನೆಕ್ಸಸ್ ಒನ್ ಫೋನಿನಲ್ಲಿ ಬೂಟ್‌ಲೋಡರ್ ತೆರೆಯಲು ಅಧಿಕೃತ ಆದೇಶವನ್ನೇ ಇಟ್ಟಿತು. ಬೇಕಾದವರು ತೆರೆಯಬಹುದು, ಆದರೆ ತೆರೆದ ಕ್ಷಣ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಇದು ಶಿಕ್ಷೆಯಲ್ಲ. ಕದ್ದವನು ಬೀಗ ತೆಗೆದು ಮಾಲೀಕನ ಫೋಟೊ, ಸಂದೇಶಗಳನ್ನು ದೋಚದಿರಲೆಂದು ಮಾಡಿದ ಏರ್ಪಾಟು. ನನ್ನ ಲೆಕ್ಕದಲ್ಲಿ ಈ ಇಡೀ ಚರಿತ್ರೆಯಲ್ಲಿ ಅತ್ಯಂತ ನ್ಯಾಯವಾದ ವಿನ್ಯಾಸ ಇದೇ: ಬೀಗವೂ ಉಂಟು, ಕೀಲಿಯೂ ಕೊಂಡವನ ಕೈಯಲ್ಲುಂಟು.

ಈ ತೆರೆದ ಬಾಗಿಲಿನಿಂದ ಬೆಳೆದದ್ದು ಸ್ಟೀವ್ ಕೊಂಡಿಕ್ ಶುರುಮಾಡಿದ ಸಯಾನೋಜೆನ್‌ಮಾಡ್. ತಯಾರಕರು ಕೈಬಿಟ್ಟ ಫೋನುಗಳಿಗೂ ಹೊಸ ಆಂಡ್ರಾಯ್ಡ್ ತಂದುಕೊಡುವ ಈ ಕಸ್ಟಮ್ ರಾಮ್, ಅಂದರೆ ಹೊರಗಿನವರು ಕಟ್ಟಿದ ವ್ಯವಸ್ಥೆ, ಮುಂದೆ ಕಂಪನಿಯಾಯಿತು. ಭಾರತದಲ್ಲಿ ಅದರ ಹೆಸರಿಗಾಗಿ ಜಗಳವೇ ನಡೆಯಿತು. ಮೈಕ್ರೋಮ್ಯಾಕ್ಸ್ ತನ್ನ ಯು ಯುರೇಕಾ ಫೋನಿಗೆ ಅದರ ಹಕ್ಕನ್ನು ಪಡೆದಿತ್ತು. ಅದೇ ವ್ಯವಸ್ಥೆ ಹೊತ್ತು ಬಂದ ಒನ್‌ಪ್ಲಸ್ ಒನ್ ಫೋನಿನ ಮಾರಾಟಕ್ಕೆ 2014ರ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ತಡೆ ಕೊಟ್ಟು, ಕೆಲವೇ ದಿನಗಳಲ್ಲಿ ವಿಭಾಗೀಯ ಪೀಠ ಅದನ್ನು ತೆರವುಗೊಳಿಸಿತು. 2016ರ ಕೊನೆಗೆ ಕಂಪನಿ ತನ್ನ ಸೇವೆ ನಿಲ್ಲಿಸಿತು. ಆದರೆ ಸ್ವಯಂಸೇವಕರು ಅದೇ ಕೆಲಸವನ್ನು ಲಿನಿಯೇಜ್‌ಓಎಸ್ ಎಂಬ ಹೆಸರಿನಲ್ಲಿ ಇಂದಿಗೂ ನಡೆಸುತ್ತಿದ್ದಾರೆ.

ಕಾನೂನು ಹಿಂದೆ ಹಿಂದೆಯೇ ಬಂತು. ಅಮೆರಿಕದ ಕೃತಿಸ್ವಾಮ್ಯ ಕಾಯ್ದೆಯಡಿ ಜೈಲ್‌ಬ್ರೇಕ್ ಅಪರಾಧವಲ್ಲವೆಂದು ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ 2010ರ ಜುಲೈನಲ್ಲಿ ವಿನಾಯಿತಿ ಕೊಟ್ಟಿತು. ನೆಟ್‌ವರ್ಕ್ ಅನ್‌ಲಾಕ್‌ಗೆ ಇದ್ದ ವಿನಾಯಿತಿ ಮಾತ್ರ 2013ರ ಜನವರಿಯಲ್ಲಿ ಬಿದ್ದುಹೋಯಿತು. ಶ್ವೇತಭವನಕ್ಕೆ 1,14,000ಕ್ಕೂ ಹೆಚ್ಚು ಸಹಿಗಳ ಮನವಿ ಹೋದ ಮೇಲೆ, 2014ರ ಆಗಸ್ಟ್ 1ರಂದು ಒಬಾಮ ಸಹಿ ಹಾಕಿದ ಕಾಯ್ದೆ ಆ ಹಕ್ಕನ್ನು ಮರಳಿಸಿತು.

ಅಪಾಯಗಳನ್ನು ತಯಾರಕರ ಬೆದರಿಕೆ ಎಂದು ತಳ್ಳಿಹಾಕುವವರಿದ್ದಾರೆ. ಅವರೊಡನೆ ನಾನಿಲ್ಲ. 2009ರ ನವೆಂಬರಿನಲ್ಲಿ ಆಸ್ಟ್ರೇಲಿಯದ ಜೈಲ್‌ಬ್ರೇಕ್ ಐಫೋನುಗಳಲ್ಲಿ ಒಂದು ಕುತಂತ್ರಾಂಶದ ಹುಳು (ವರ್ಮ್) ಹರಿದಾಡಿ, ಪರದೆಯ ಮೇಲೆ ಗಾಯಕ ರಿಕ್ ಆಸ್ಟ್ಲಿಯ ಚಿತ್ರ ಅಂಟಿಸುತ್ತ ಹೋಯಿತು. ದೂರದಿಂದ ಒಳಬರುವ ಸೇವೆಯನ್ನು ಹಾಕಿಕೊಂಡ ಜನ ಅದರ ಮೂಲ ಪಾಸ್‌ವರ್ಡನ್ನು ಬದಲಿಸಿರಲಿಲ್ಲ, ಅಷ್ಟೇ. ಆ ಹುಳು ಹೆಚ್ಚು ಹಾನಿ ಮಾಡಲಿಲ್ಲ; ಮುಂದಿನವು ಮಾಡಿದವು. 2015ರ ಕೀರೈಡರ್ ಎಂಬ ಕುತಂತ್ರಾಂಶ ಜೈಲ್‌ಬ್ರೇಕ್ ಫೋನುಗಳಿಂದ ಸುಮಾರು 2,25,000 ಆಪಲ್ ಖಾತೆಗಳ ವಿವರ ಕದ್ದಿತು.

ಆಂಡ್ರಾಯ್ಡ್ ಕಡೆಯ ಪಾಠ ಇನ್ನೂ ಕಟು. 2014ರ ಜೂನಿನಲ್ಲಿ ಅದೇ ಜಾರ್ಜ್ ಹಾಟ್ಜ್ ‘ಟವೆಲ್‌ರೂಟ್’ ಎಂಬ ಆ್ಯಪ್ ಬಿಟ್ಟ. ಗುಂಡಿ ಒತ್ತಿದರೆ ಗ್ಯಾಲಕ್ಸಿ ಎಸ್5 ಸಹಿತ ಹತ್ತಾರು ಮಾದರಿಗಳು ರೂಟ್ ಆಗುತ್ತಿದ್ದವು. ಎರಡು ವರ್ಷದ ಬಳಿಕ ಅದೇ ದೋಷವನ್ನು ಹಿಡಿದು ‘ಗೂಲಿಗನ್’ ಎಂಬ ಕುತಂತ್ರಾಂಶ ಹಳೆಯ ಫೋನುಗಳನ್ನು ಮಾಲೀಕರಿಗೆ ತಿಳಿಯದಂತೆ ರೂಟ್ ಮಾಡಿ, 10 ಲಕ್ಷಕ್ಕೂ ಹೆಚ್ಚು ಗೂಗಲ್ ಖಾತೆಗಳನ್ನು ವಶಪಡಿಸಿಕೊಂಡಿತು. ಹೆಚ್ಚಿನವು ಏಷ್ಯಾದವು. ಬಲಿಯಾದವರಲ್ಲಿ ಬಹುಪಾಲು ಜನ ತಾವಾಗಿ ಬೀಗ ಮುರಿದವರಲ್ಲ. ತಯಾರಕರು ಅಪ್‌ಡೇಟ್ ಕೊಡದೆ ಬಿಟ್ಟ ಫೋನು ಹಿಡಿದಿದ್ದವರು. 2016ರಲ್ಲೇ ಸಂಯುಕ್ತ ಅರಬ್ ಸಂಸ್ಥಾನದ ಮಾನವಹಕ್ಕು ಹೋರಾಟಗಾರ ಅಹ್ಮದ್ ಮನ್ಸೂರ್ ಅವರಿಗೆ ಬಂದ ಕೊಂಡಿಯೊಂದನ್ನು ಸಿಟಿಜನ್ ಲ್ಯಾಬ್ ಎಂಬ ಸಂಶೋಧನಾ ಸಂಸ್ಥೆ ಪರೀಕ್ಷಿಸಿದಾಗ ಪೆಗಾಸಸ್ ಎಂಬ ಗೂಢಚರ್ಯೆಯ ತಂತ್ರಾಂಶ ಬಯಲಾಯಿತು. ಅದನ್ನು ಒತ್ತಿದ್ದರೆ ಮೂರು ದೋಷಗಳ ಮೂಲಕ ಅವರ ಐಫೋನು ದೂರದಿಂದಲೇ ಜೈಲ್‌ಬ್ರೇಕ್ ಆಗಿ ಗೂಢಚಾರನಾಗುತ್ತಿತ್ತು.

ಹವ್ಯಾಸಿಗಳ ಸುಗ್ಗಿ ಮುಗಿದದ್ದಕ್ಕೂ ಇಲ್ಲೇ ಕಾರಣವಿದೆ. 2015ರಲ್ಲಿ ಜೆರೋಡಿಯಂ ಎಂಬ ಕಂಪನಿ ಐಫೋನನ್ನು ದೂರದಿಂದ ಮುರಿಯುವ ವಿಧಾನಕ್ಕೆ 10 ಲಕ್ಷ ಡಾಲರ್ ಸಾರಿತು. 2019ರಲ್ಲಿ ಆಪಲ್ ಕೂಡ ದೋಷ ತೋರಿಸಿದವರಿಗೆ ಅಷ್ಟೇ ದೊಡ್ಡ ಬಹುಮಾನ ಪ್ರಕಟಿಸಿತು. ಹಾಗಿರುವಾಗ ಅಂಥ ಶೋಧವನ್ನು ಪುಕ್ಕಟೆ ಹಂಚುವವರು ಎಲ್ಲಿ ಸಿಗುತ್ತಾರೆ? 2019ರ ಸೆಪ್ಟೆಂಬರಿನಲ್ಲಿ ಹೊರಬಂದ ‘ಚೆಕ್‌ಎಮ್8’ ಒಂದು ಅಪವಾದ. ಐಫೋನ್ 4ಎಸ್‌ನಿಂದ ಐಫೋನ್ 10ರವರೆಗಿನ ಚಿಪ್ಪಿನೊಳಗೇ ಅಚ್ಚಾಗಿದ್ದ ದೋಷವಾದ್ದರಿಂದ ಯಾವ ಅಪ್‌ಡೇಟೂ ಅದನ್ನು ಮುಚ್ಚಲಾರದು. ಅದರ ನಂತರದ ಮಾದರಿಗಳಿಗೆ ಆ ಭಾಗ್ಯವಿಲ್ಲ.

ಆಂಡ್ರಾಯ್ಡ್ ತಯಾರಕರೂ ಬಾಗಿಲು ಮುಚ್ಚುತ್ತ ಬಂದರು. ಸ್ಯಾಮ್‌ಸಂಗ್ 2013ರಲ್ಲಿ ತಂದ ನಾಕ್ಸ್ ವ್ಯವಸ್ಥೆಯಲ್ಲಿ ಚಿಪ್ಪಿನೊಳಗೊಂದು ಫ್ಯೂಸ್ ಇದೆ. ಹೊರಗಿನ ವ್ಯವಸ್ಥೆ ಹಾಕಿದೊಡನೆ ಅದು ಸುಡುತ್ತದೆ. ಮತ್ತೆ ಕಂಪನಿಯ ತಂತ್ರಾಂಶಕ್ಕೇ ಮರಳಿದರೂ ಸ್ಯಾಮ್‌ಸಂಗ್ ಪೇ, ಸೆಕ್ಯೂರ್ ಫೋಲ್ಡರ್ ಇನ್ನೆಂದೂ ಬರವು. ಸೋನಿಯ ಕೆಲವು ಎಕ್ಸ್‌ಪೀರಿಯಾ ಮಾದರಿಗಳಲ್ಲಿ ಬೂಟ್‌ಲೋಡರ್ ತೆರೆದರೆ ಮಂದ ಬೆಳಕಿನ ಫೋಟೊಗಳ ಗುಣಮಟ್ಟವೇ ಕುಸಿಯುತ್ತಿತ್ತು. 2018ರಲ್ಲಿ ಹುವಾವೇ ಅನ್‌ಲಾಕ್ ಕೋಡ್ ಕೊಡುವುದನ್ನು ನಿಲ್ಲಿಸಿತು. ಅದೇ ವರ್ಷ ಶಿಯೋಮಿಯ ಕೆಲವು ಫೋನುಗಳಲ್ಲಿ ಹಳೆಯ ಆವೃತ್ತಿಗೆ ಹಿಂದಿರುಗಲು ಹೋದವರ ಫೋನುಗಳು ಸತ್ತು ಬಿದ್ದವು. ರೆಡ್ಮಿ ನೋಟ್ 5 ಪ್ರೊ ಕೊಂಡ ನಮ್ಮ ಹುಡುಗರು ಆಗ ಪಟ್ಟ ಪೇಚು ಸಣ್ಣದಲ್ಲ. ಶಿಯೋಮಿ ಬೀಗ ತೆರೆಯಲು ಅನುಮತಿ, ಖಾತೆ, ವಾರಗಟ್ಟಲೆ ಕಾಯುವಿಕೆಗಳ ಶರತ್ತು ಹಾಕಿತು. ಅದರ ಹೊಸ ವ್ಯವಸ್ಥೆ ಹೈಪರ್‌ಓಎಸ್ ಬಂದ ಮೇಲೆ ಅವು ಇನ್ನೂ ಬಿಗಿಯಾದವು. 2025ರಲ್ಲಿ ಸ್ಯಾಮ್‌ಸಂಗ್ ತನ್ನ ಒನ್ ಯುಐ 8 ಆವೃತ್ತಿಯಿಂದ ಬೂಟ್‌ಲೋಡರ್ ತೆರೆಯುವ ಆಯ್ಕೆಯನ್ನೇ ತೆಗೆಯಿತು.

ಇಷ್ಟಾದರೂ ಬೀಗ ತೆರೆದವರನ್ನು ಇಂದು ಹೆಚ್ಚಾಗಿ ಸೋಲಿಸುವುದು ಫೋನು ಸಾಯುವ ಭಯವಲ್ಲ, ಬ್ಯಾಂಕಿನ ಆ್ಯಪ್. ಗೂಗಲ್‌ನ ಸೇಫ್ಟಿನೆಟ್, ಈಗ ಅದರ ಜಾಗಕ್ಕೆ ಬಂದಿರುವ ಪ್ಲೇ ಇಂಟೆಗ್ರಿಟಿ, ಫೋನು ಕಾರ್ಖಾನೆಯಿಂದ ಹೊರಟ ಸ್ಥಿತಿಯಲ್ಲೇ ಇದೆಯೇ ಎಂದು ಆ್ಯಪ್‌ಗಳಿಗೆ ವರದಿ ಮಾಡುತ್ತದೆ. ಇಲ್ಲವೆಂದಾದರೆ ಎಷ್ಟೋ ಬ್ಯಾಂಕ್ ಮತ್ತು ಯುಪಿಐ ಆ್ಯಪ್‌ಗಳು ತೆರೆಯುವುದಿಲ್ಲ. ತರಕಾರಿ ಗಾಡಿಯಿಂದ ಬಸ್ ಟಿಕೆಟ್‌ವರೆಗೆ ಯುಪಿಐ ನಡೆಯುವ ನಾಡಿನಲ್ಲಿ ಇದು ಹಗುರವಾದ ಬೆಲೆಯಲ್ಲ. ರೂಟನ್ನು ಆ್ಯಪ್‌ಗಳ ಕಣ್ಣಿಗೆ ಬೀಳದಂತೆ ಅಡಗಿಸಲು ಜಾನ್ ವು 2016ರಲ್ಲಿ ತಂದ ಮ್ಯಾಜಿಸ್ಕ್ ಬಹುಕಾಲ ನೆರವಾಯಿತು. 2021ರಲ್ಲಿ ಅವರು ಗೂಗಲ್ ಸೇರಿದರು, ಅಡಗಿಸುವ ಸೌಲಭ್ಯವನ್ನು ಅದರಿಂದ ತೆಗೆದರು. ಬ್ಯಾಂಕಿನ ಎಚ್ಚರ ನನಗೆ ಅರ್ಥವಾಗುತ್ತದೆ. ಅರ್ಥವಾಗದ್ದು ಇದು: ಐದು ವರ್ಷದಿಂದ ಒಂದೂ ಭದ್ರತಾ ಅಪ್‌ಡೇಟ್ ಕಾಣದ ಫೋನು ಬೀಗ ಹಾಕಿದೆಯೆಂಬ ಕಾರಣಕ್ಕೆ ಎಷ್ಟೋ ಪರೀಕ್ಷೆಗಳಲ್ಲಿ ಪಾಸಾಗುತ್ತ ಬಂತು, ಕಳೆದ ತಿಂಗಳಿನ ತೇಪೆಯವರೆಗೂ ಹಾಕಿಕೊಂಡ ಲಿನಿಯೇಜ್ ಫೋನು ಫೇಲಾಯಿತು.

ನಮ್ಮ ದೇಶದಲ್ಲಿ ನೆಟ್‌ವರ್ಕ್ ಬೀಗ ಅಷ್ಟಾಗಿ ಬೇರೂರಲಿಲ್ಲ. ರಿಲಯನ್ಸ್, ಟಾಟಾ ಕಂಪನಿಗಳ ಸಿಡಿಎಂಎ ಫೋನುಗಳು ಹಾಗೆ ಬಂದವು. 2017ರ ಜಿಯೋಫೋನ್ ಜಿಯೋ ಸಿಮ್‌ಗೇ ಸೀಮಿತವಾಯಿತು. ಐಫೋನು ಭಾರತಕ್ಕೆ ಅಧಿಕೃತವಾಗಿ ಕಾಲಿಟ್ಟಿದ್ದು 2008ರ ಆಗಸ್ಟಿನಲ್ಲಿ. ಅದಕ್ಕೆ ಮುಂಚೆ ಅಮೆರಿಕದ ನೆಂಟರು ತಂದುಕೊಟ್ಟ ಐಫೋನುಗಳಿಗೆ ಇಲ್ಲಿನ ಸಿಮ್ ಒಗ್ಗಿಸಲು ಬೆಂಗಳೂರಿನ ಮಾರುಕಟ್ಟೆಗಳ ರಿಪೇರಿ ಹುಡುಗರೇ ಗತಿ. ಅವರ ಕೈಚಳಕ ದೊಡ್ಡದು. ಆದರೆ ಬೀಗ ತೆರೆಯುವುದು ಬೇರೆ, ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ತಿದ್ದುವುದು ಬೇರೆ. ಎರಡನೆಯದು 2023ರ ದೂರಸಂಪರ್ಕ ಕಾಯ್ದೆಯಡಿ ಮೂರು ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿಯವರೆಗೆ ದಂಡಕ್ಕೆ ಗುರಿಯಾಗುವ ಅಪರಾಧ.

ಹಾಗಾಗಿ ಬೀಗ ತೆರೆಯಬೇಕೆನ್ನುವವರಿಗೆ ಒಂದು ಮಾತು. ಹಣ ಕಳಿಸುವ ಫೋನನ್ನು ಮುಟ್ಟಬೇಡಿ. ಮೂಲೆ ಸೇರಿದ ಹಳೆಯ ಫೋನಿನ ಮೇಲೆ ಕಲಿಯಿರಿ. ಎಲ್ಲವನ್ನೂ ಬೇರೆಡೆಗೆ ನಕಲು ಮಾಡಿಟ್ಟುಕೊಳ್ಳದೆ ಶುರುಮಾಡಬೇಡಿ. ನಿಮ್ಮ ಮಾದರಿಯ ಸಂಖ್ಯೆ ಒಂದಕ್ಷರ ತಪ್ಪದಂತೆ ಹೊಂದುವ ಕಡತವನ್ನಷ್ಟೇ ಹಾಕಿ. ಗುರುತಿಲ್ಲದವರು ಕೊಟ್ಟ ‘ಒಂದೇ ಒತ್ತಿಗೆ ರೂಟ್’ ಆ್ಯಪ್‌ಗಳ ಹತ್ತಿರ ಸುಳಿಯಬೇಡಿ. ಬೂಟ್‌ಲೋಡರ್ ತೆರೆದೇ ಇದ್ದರೆ ಫೋನು ಕೈಗೆ ಸಿಕ್ಕ ಯಾರಾದರೂ ಅದರೊಳಗೆ ತಮ್ಮ ತಂತ್ರಾಂಶ ತುರುಕಬಹುದೆಂಬುದು ನೆನಪಿರಲಿ. ಗೂಗಲ್‌ನ ಪಿಕ್ಸೆಲ್ ಫೋನುಗಳಲ್ಲಿ ಬೇರೆ ವ್ಯವಸ್ಥೆ ಹಾಕಿದ ಮೇಲೂ ಮತ್ತೆ ಬೀಗ ಹಾಕಲು ಸಾಧ್ಯ. ಗ್ರಾಫೀನ್‌ಓಎಸ್ ಎಂಬ ವ್ಯವಸ್ಥೆ ಹಾಗೆಯೇ ನಡೆಯುತ್ತದೆ. ಉಳಿದ ತಯಾರಕರೂ ಇದನ್ನು ಮಾಡಬಲ್ಲರು, ಹೆಚ್ಚಿನವರಿಗೆ ಮನಸ್ಸಿಲ್ಲ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ‘ರಿಪೇರಿ ಹಕ್ಕಿ’ಗಾಗಿ ಸಮಿತಿ ಮಾಡಿ ಜಾಲತಾಣವನ್ನೂ ತೆರೆಯಿತು, ಮೊಬೈಲ್ ಫೋನು ಅದರ ನಾಲ್ಕು ವಲಯಗಳಲ್ಲೊಂದು. ಅಲ್ಲಿ ಬ್ಯಾಟರಿ, ಪರದೆ, ಬಿಡಿಭಾಗಗಳ ಮಾತಿದೆ. ತಯಾರಕರು ಅಪ್‌ಡೇಟ್ ನಿಲ್ಲಿಸಿದ ದಿನವೇ ಬೂಟ್‌ಲೋಡರ್ ಕೀಲಿಯನ್ನು ಕೊಂಡವರಿಗೆ ಕೊಡಬೇಕೆಂಬ ನಿಯಮವನ್ನೂ ಇಲಾಖೆ ಅದರಲ್ಲಿ ಸೇರಿಸಬೇಕು.