ಲಿನಕ್ಸ್ ವ್ಯವಸ್ಥೆಯಲ್ಲಿ ಡಿಸ್ಕುಗಳ ನಾಮಕರಣ: ಒಂದು ಐತಿಹಾಸಿಕ ವಿವೇಚನೆ

ಗಣಕಯಂತ್ರದ ಇತಿಹಾಸವನ್ನು ಬರೆಯುವವರು ದೊಡ್ಡ ಸಾಧನೆಗಳನ್ನು ಎಣಿಸುತ್ತ ಹೋಗುತ್ತಾರೆ. ಹೆಸರಿಡುವ ಕ್ರಮದತ್ತ ಅವರ ದೃಷ್ಟಿ ಹರಿಯುವುದು ಅಪೂರ್ವ. ಆದರೆ ಹೆಸರು ತಪ್ಪಿದಲ್ಲಿ, ಒಂದು ಡಿಸ್ಕನ್ನು ಅಳಿಸಲು ಹೊರಟವನು ಮತ್ತೊಂದನ್ನು ಅಳಿಸಿಬಿಡಬಹುದು. ಆದಕಾರಣ ಈ ವಿಷಯವು ವಿಚಾರಾರ್ಹವಾಗಿದೆ.

ಹೆಲ್ಸಿಂಕಿಯ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ ಅವರು 1991ರಲ್ಲಿ ಲಿನಕ್ಸನ್ನು ಪ್ರಕಟಿಸಿದರು. ಅದರ ಮೊದಲ ದಶಕದಲ್ಲಿ ಐಡಿಇ ಡಿಸ್ಕುಗಳಿಗೆ ‘ಎಚ್‌ಡಿಎ’, ‘ಎಚ್‌ಡಿಬಿ’ ಎಂಬ ಹೆಸರುಗಳು ಸಲ್ಲುತ್ತಿದ್ದುವು. ಡಿಸ್ಕನ್ನು ಜೋಡಿಸಿದ ಸ್ಥಾನವೇ ಹೆಸರನ್ನು ನಿರ್ಣಯಿಸುತ್ತಿದ್ದುದರಿಂದ, ನಡುವಣ ಒಂದನ್ನು ತೆಗೆದರೂ ಉಳಿದವುಗಳ ಹೆಸರು ಬದಲಾಗುತ್ತಿರಲಿಲ್ಲ. ಸ್ಕಸಿ ಡಿಸ್ಕುಗಳ ‘ಎಸ್‌ಡಿಎ’, ‘ಎಸ್‌ಡಿಬಿ’ ಎಂಬ ಹೆಸರುಗಳಾದರೋ ಡಿಸ್ಕುಗಳು ಪತ್ತೆಯಾದ ಅನುಕ್ರಮವನ್ನು ಅವಲಂಬಿಸಿದ್ದುವು. 2007ರ ಸುಮಾರಿಗೆ ಐಡಿಇ ಡಿಸ್ಕುಗಳೂ ಈ ಎರಡನೆಯ ಪದ್ಧತಿಗೆ ಒಳಪಟ್ಟುವು. ಸ್ಥಾನಸೂಚಕವಾಗಿದ್ದ ಹೆಸರು ಹೀಗೆ ಸರದಿಸೂಚಕವಾಯಿತು.

ವರ್ಚುಯಲ್ ಯಂತ್ರಗಳ ಉದಯದಿಂದ ತೊಡಕು ಮತ್ತಷ್ಟು ಹೆಚ್ಚಿತು. ಕೇಂಬ್ರಿಜ್ ವಿಶ್ವವಿದ್ಯಾನಿಲಯದವರು 2003ರಲ್ಲಿ ನಿರೂಪಿಸಿದ ‘ಜೆನ್’ ಪದ್ಧತಿಯು ‘ಎಕ್ಸ್‌ವಿಡಿಎ’ ಎಂಬ ಹೆಸರನ್ನು ಬಳಕೆಗೆ ತಂದಿತು. 2008ರಲ್ಲಿ ಹೊರಬಂದ 2.6.24ನೆಯ ಆವೃತ್ತಿಯಲ್ಲಿ ಸೇರಿದ ‘ವರ್ಟಿಯೋ’ ಪದ್ಧತಿಯಿಂದ ‘ವಿಡಿಎ’ ಬಂದಿತು. ಅಮೆಜಾನಿನವರು 2017ರಲ್ಲಿ ಬಳಕೆಗೆ ತಂದ ಹೊಸ ಯಂತ್ರಗಳಲ್ಲಿ ಡಿಸ್ಕುಗಳಿಗೆ ‘ಎನ್‌ವಿಎಂಇ’ ಎಂದು ಮೊದಲಾಗುವ ಹೆಸರುಗಳು ಬಂದುವು. ಒಂದೇ ಡಿಸ್ಕು ನೆಲೆ ಬದಲಿಸಿದಂತೆಲ್ಲ ಹೆಸರನ್ನೂ ಬದಲಿಸಿತು. ಆದರೆ ‘ಎಫ್‌ಎಸ್‌ಟ್ಯಾಬ್’ ಕಡತದಲ್ಲಿ ಹಳೆಯ ಹೆಸರೇ ಉಳಿದಿದ್ದರೆ, ಯಂತ್ರವು ಆ ಡಿಸ್ಕಿಗಾಗಿ ಕಾದು, ಕಾಣದೆ, ತುರ್ತು ಸ್ಥಿತಿಯಲ್ಲಿ ನಿಂತುಬಿಡುತ್ತದೆ. ಹೆಸರು ಅದೇ ಇದ್ದು ಡಿಸ್ಕು ಬೇರೆಯಾಗಿದ್ದರೆ ಆಗುವ ಹಾನಿ ಇದಕ್ಕಿಂತಲೂ ಹೆಚ್ಚಿನದು. ಏಕೆಂದರೆ ಅಲ್ಲಿ ಯಾವ ಎಚ್ಚರಿಕೆಯೂ ದೊರೆಯದು.

ಪರಿಹಾರವು ‘ಯುಯುಐಡಿ’ ಎಂಬ ಗುರುತಿನಲ್ಲಿದೆ. ಕಡತವ್ಯವಸ್ಥೆಯನ್ನು ರಚಿಸುವಾಗಲೇ ಅದರೊಳಗೆ ಬರೆಯಲ್ಪಡುವ ಈ ಗುರುತು ಡಿಸ್ಕಿನೊಡನೆಯೇ ಸಂಚರಿಸುತ್ತದೆ. ‘ಬಿಎಲ್‌ಕೆಐಡಿ’ ಆಜ್ಞೆಯಿಂದ ಅದನ್ನು ಅರಿತು, ಹಳೆಯ ಹೆಸರಿನ ಬದಲು ಅದನ್ನೇ ಕಡತದಲ್ಲಿ ಬರೆಯುವುದು ಯುಕ್ತ. ಇದೂ ನಿರಪಾಯವಲ್ಲ. ಯಂತ್ರದ ಪ್ರತಿಯನ್ನು ತೆಗೆದಾಗ ಗುರುತೂ ಪ್ರತಿಯಾಗುತ್ತದೆ. ಒಂದೇ ಗುರುತಿನ ಎರಡು ಡಿಸ್ಕುಗಳು ಕೂಡಿದಲ್ಲಿ ‘ಎಕ್ಸ್‌ಎಫ್‌ಎಸ್’ ಎರಡನೆಯದನ್ನು ಅಂಗೀಕರಿಸುವುದಿಲ್ಲ. ಆದುದರಿಂದ ಅಳಿಸುವ ಮುನ್ನ ಗಾತ್ರವನ್ನೂ ಒಳಗಿನ ವಿಷಯವನ್ನೂ ಪರೀಕ್ಷಿಸುವುದು ಅವಶ್ಯ.

ಒಂದೇ ಹೆಸರಿನ ಅರಸರನ್ನು ವಂಶ, ಕಾಲ, ಬಿರುದುಗಳಿಂದ ಬೇರ್ಪಡಿಸುವ ಇತಿಹಾಸಕಾರನಿಗೆ ಈ ನಿಯಮವು ಹೊಸದಲ್ಲ. ಹೆಸರೊಂದೇ ಸಾಕ್ಷ್ಯವಾಗಲಾರದು, ಅದನ್ನು ಬೇರೆ ಆಧಾರದೊಡನೆ ಹೋಲಿಸಿ ನೋಡಿದ ಬಳಿಕವೇ ನಿರ್ಣಯಕ್ಕೆ ಬರತಕ್ಕದ್ದು.